ದೊಡ್ಡ ರೆಕ್ಕೆ, ಸಣ್ಣ ಅಂಗಳ

ಹೋದ ಸಂಚಿಕೆಯಲ್ಲಿ ವಿಮಾನದ ಊಟದ ಬಗ್ಗೆ ಬಂದ ಪ್ರಶ್ನೆಗೆ ಉತ್ತರಿಸುವಾಗ, ಏರ್‌ಬಸ್ ಕಂಪನಿಯ ಎರಡು ಅಂತಸ್ತಿನ ಎ380 ವಿಮಾನದ ಮಹಡಿಗೆ ಊಟ ಏರಿಸುವುದೇ ನಮಗೊಂದು ಪರೀಕ್ಷೆಯಾಗಿತ್ತು ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಕಾಗದಗಳು ಬರುತ್ತವೆಂದು ಎಣಿಸಿರಲಿಲ್ಲ. ಸಂಪಾದಕರು ಮಾಟುಂಗಾಕ್ಕೆ ಕಾಫಿಗೆ ಕರೆದು, ಕಟ್ಟನ್ನು ಕೈಗಿಟ್ಟು, ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ ಇರಲಿ ಎಂದರು. ಕಾಫಿಯ ದುಡ್ಡು ಅವರೇ ಕೊಟ್ಟದ್ದರಿಂದ ಒಪ್ಪಿಕೊಂಡೆ.

ಹೊಸ ಓದುಗರಿಗೆ ಒಂದು ಮಾತು. ನಾನು ಪೈಲಟ್ ಅಲ್ಲ, ಎಂಜಿನಿಯರನೂ ಅಲ್ಲ. ಗಂಗೊಳ್ಳಿಯಿಂದ ಬಂದು, ಕುರ್ಲಾದ ಹೋಟೆಲಿನಲ್ಲಿ ಲೋಟ ತೊಳೆಯುತ್ತ, ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, 1981ರಲ್ಲಿ ಸಹಾರ್ ವಿಮಾನ ನಿಲ್ದಾಣದಲ್ಲಿ ಲೋಡರ್ ಆಗಿ ಸೇರಿದವನು. 2017ರಲ್ಲಿ ರ್‍ಯಾಂಪ್ ಸೂಪರ್‌ವೈಸರ್ ಆಗಿ, ಅಂದರೆ ವಿಮಾನ ನಿಲ್ಲುವ ಅಂಗಳದ ಮೇಲ್ವಿಚಾರಕನಾಗಿ, ನಿವೃತ್ತನಾದೆ. ವಿಮಾನ ಚಕ್ರ ಊರಿದ ಮೇಲಿನ, ಚಕ್ರ ಎತ್ತುವ ಮೊದಲಿನ ಸಂಗತಿಗಳೇ ನನ್ನ ಬಂಡವಾಳ. ಮೇಲಿನದು ಏನಿದ್ದರೂ ಸಹೋದ್ಯೋಗಿಗಳಿಂದ ಕೇಳಿ ತಿಳಿದದ್ದು.

575 ಟನ್ ತೂಕದ ವಿಮಾನ ಇಳಿದರೆ ರನ್‌ವೇ ಕುಸಿಯುವುದಿಲ್ಲವೇ? ನಾವು ಹಾಕಿದ ರಸ್ತೆ ಒಂದು ಮಳೆಗಾಲ ತಾಳುವುದಿಲ್ಲ. (ಕುರ್ಲಾದ ಒಬ್ಬ ಗುತ್ತಿಗೆದಾರರು)

ನೀವು ಹಾಕಿದ ರಸ್ತೆಯ ಬಗ್ಗೆ ನೀವೇ ಹೇಳಿಕೊಂಡದ್ದು ಒಳ್ಳೆಯದಾಯಿತು.

ತೂಕ ಎಷ್ಟು ಎನ್ನುವುದಕ್ಕಿಂತ ಅದು ಎಷ್ಟು ಕಾಲುಗಳ ಮೇಲೆ ನಿಂತಿದೆ ಎನ್ನುವುದು ಮುಖ್ಯ. ಎ380ಕ್ಕೆ ಮೂಗಿನ ಕೆಳಗೆ ಎರಡು, ಹೊಟ್ಟೆ ಮತ್ತು ರೆಕ್ಕೆಯ ಬುಡದಲ್ಲಿ 20, ಒಟ್ಟು 22 ಚಕ್ರಗಳು. ಬಹಳ ವರ್ಷಗಳಿಂದ ಮುಂಬೈಗೆ ಬಂದುಹೋಗುತ್ತಿರುವ ಬೋಯಿಂಗ್ 777-300ಇಆರ್ ಗರಿಷ್ಠ 351 ಟನ್ ತೂಗುತ್ತದೆ. ಆದರೆ ಅದರ ಮುಖ್ಯ ಚಕ್ರಗಳು 12 ಮಾತ್ರ. ಮೂಗಿನ ಚಕ್ರಗಳು ಹೊರುವ ಸ್ವಲ್ಪ ಪಾಲನ್ನು ಕಳೆದು ಭಾಗಿಸಿ ನೋಡಿ: ಒಂದೊಂದು ಮುಖ್ಯ ಚಕ್ರದ ಮೇಲೆ ಬೀಳುವ ಭಾರ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 27 ಟನ್ನಿನ ಆಸುಪಾಸು. ಇನ್ನೊಂದು ವಿಷಯವಿದೆ. 575 ಟನ್ ಎನ್ನುವುದು ಟ್ಯಾಂಕ್ ತುಂಬಿಕೊಂಡು ದೂರದ ದೇಶಕ್ಕೆ ಏರುವಾಗಿನ ಗರಿಷ್ಠ ಮಿತಿ. ಸುಮಾರು 3.2 ಲಕ್ಷ ಲೀಟರ್ ಇಂಧನ ಹಿಡಿಯುವ ಟ್ಯಾಂಕ್ ಅದು. ದುಬೈಯಿಂದ ಮುಂಬೈಗೆ ಮೂರು ತಾಸಿನ ದಾರಿ, ಅದನ್ನು ತುಂಬಿಕೊಂಡು ಬರುವ ಅಗತ್ಯವೇ ಇಲ್ಲ. ಇಳಿಯುವಾಗ 390 ಟನ್ನಿನ ಆಚೀಚೆ ಮೀರುವಂತೆಯೂ ಇಲ್ಲ.

ತೂಕಕ್ಕೆ ಹೆದರುವ ಪ್ರಶ್ನೆಗಳೇ ಈ ಕಟ್ಟಿನಲ್ಲಿ ಹನ್ನೊಂದು ಇವೆ. ಎಲ್ಲರಿಗೂ ಇದೇ ಉತ್ತರ. ನಮ್ಮನ್ನು ಕಾಡಿದ್ದು ಅದರ ಅಗಲ.

ಮುಂಬೈ ರನ್‌ವೇ ಎ380ಕ್ಕೆ ಸಾಕಾಗುವಷ್ಟು ಉದ್ದವಿದೆಯೇ? (ಡೊಂಬಿವಲಿಯ ಹತ್ತನೇ ತರಗತಿಯ ವಿದ್ಯಾರ್ಥಿ)

ಇದೆ. ಮುಖ್ಯ ರನ್‌ವೇ ಸುಮಾರು 3,450 ಮೀಟರ್ ಉದ್ದ. ಆದರೆ ಮಗೂ, ನೀನು ಅಗಲವನ್ನೂ ಕೇಳಬೇಕಿತ್ತು.

ಒಂದು ಕಾಗದ ತೆಗೆದುಕೊಂಡು ನಡುವೆ ಗೆರೆ ಎಳೆ. ಅದು ರನ್‌ವೇಯ ನಡುಗೆರೆ. ಎ380ದ ಹೊರಗಿನ ಎಂಜಿನ್ ಆ ಗೆರೆಯಿಂದ ಸುಮಾರು 25.7 ಮೀಟರ್ ದೂರದಲ್ಲಿ ತೂಗುತ್ತದೆ. ಜಗತ್ತಿನ ಬಹುತೇಕ ದೊಡ್ಡ ರನ್‌ವೇಗಳು 45 ಮೀಟರ್ ಅಗಲದವು, ಅಂದರೆ ಗೆರೆಯಿಂದ ಅಂಚಿಗೆ 22.5 ಮೀಟರ್. ಕಳೆದು ನೋಡು. ಎಂಜಿನ್ ಅಂಚಿನಿಂದ ಮೂರು ಮೀಟರ್ ಹೊರಗೆ, ಹುಲ್ಲು ಮಣ್ಣಿನ ಮಗ್ಗುಲಲ್ಲಿ ಬಾಯಿ ತೆರೆದು ನಿಂತಿರುತ್ತದೆ. ಕಲ್ಲು, ಪ್ಲಾಸ್ಟಿಕ್ ಚೀಲ, ಯಾರೋ ಬಿಟ್ಟ ಬೋಲ್ಟು, ಏನಿದ್ದರೂ ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಅಂಚಿನ ಆಚೆಗೂ ಗಟ್ಟಿಯಾದ ಪಟ್ಟಿ ಕಟ್ಟಬೇಕು, ಅದಕ್ಕೆ ಭುಜ ಎನ್ನುತ್ತೇವೆ. ಆ ಭುಜ ಸರಿಯಿದ್ದರೆ 45 ಮೀಟರಿನ ರನ್‌ವೇಯಲ್ಲೂ ಇಳಿಯಬಹುದು ಎಂದು 2007ರಲ್ಲಿ ಯುರೋಪು ಮತ್ತು ಅಮೆರಿಕದ ನಿಯಂತ್ರಕರು ಒಪ್ಪಿದರು. ಮುಂಬೈಯ ಮುಖ್ಯ ರನ್‌ವೇ 60 ಮೀಟರ್ ಅಗಲವಿದೆ. ಅದು ನಮ್ಮ ಪುಣ್ಯ.

ನಿನಗೆ ಇಷ್ಟವಾಗಬಹುದಾದ ಇನ್ನೊಂದು ಸಂಗತಿ. ಇಳಿದ ತಕ್ಷಣ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಏರ್ಪಾಡು ದೊಡ್ಡ ವಿಮಾನಗಳ ಎಲ್ಲ ಎಂಜಿನ್‌ಗಳಲ್ಲೂ ಸಾಮಾನ್ಯ. ಎ380ದಲ್ಲಿ ಒಳಗಿನ ಎರಡಕ್ಕೆ ಮಾತ್ರ ಅದು ಇದೆ. ಹೊರಗಿನವು ಅಂಚಿನ ಧೂಳೆಬ್ಬಿಸಿ ತಾವೇ ನುಂಗಿಕೊಳ್ಳಬಾರದೆಂದು ಅವುಗಳಿಗೆ ಇಟ್ಟೇ ಇಲ್ಲ. ಉಳಿದ ಕೆಲಸವೆಲ್ಲ ಬ್ರೇಕಿನದು, ರೆಕ್ಕೆಯ ಮೇಲೆ ಎದ್ದು ನಿಲ್ಲುವ ಹಲಗೆಗಳದು.

ಮಗ ಏರ್‌ಪೋರ್ಟಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. "ರಾತ್ರಿಯೆಲ್ಲ ರೆಕ್ಕೆ ಕಾಯುತ್ತೇನೆ" ಎನ್ನುತ್ತಾನೆ. ಇದೂ ಒಂದು ಉದ್ಯೋಗವೇ? (ಕಲ್ವಾದ ತಾಯಿಯೊಬ್ಬರು)

ಅಮ್ಮಾ, ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಬಿಎ ಮಾಡಿಸಿದ್ದಕ್ಕೆ ಇದೇನಾ ಎಂದೂ ಬರೆದಿದ್ದೀರಿ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಎ380ದ ರೆಕ್ಕೆ ಈ ತುದಿಯಿಂದ ಆ ತುದಿಗೆ 79.75 ಮೀಟರ್. ಆ ಅಂಕಿ ಆಕಸ್ಮಿಕವಲ್ಲ. ವಿಮಾನ ನಿಲ್ದಾಣಗಳ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅತಿ ದೊಡ್ಡ ವರ್ಗಕ್ಕೆ ಎಫ್ ಎಂದು ಹೆಸರು. ಅದರ ಮಿತಿ 80 ಮೀಟರ್. ರೆಕ್ಕೆ ಇನ್ನೂ ಉದ್ದವಿದ್ದಿದ್ದರೆ ಇಂಧನ ಇನ್ನಷ್ಟು ಉಳಿಯುತ್ತಿತ್ತು. ಆದರೆ ನಿಲ್ಲಿಸುವ ಅಂಗಳ ಎಲ್ಲಿಂದ ತರುವುದು? ಅಂದರೆ ಗಾಳಿಯಲ್ಲಿ ಹಾರುವ ರೆಕ್ಕೆಯ ಅಳತೆಯನ್ನು ನಿರ್ಧರಿಸಿದ್ದು ನಮ್ಮ ಕಾಂಕ್ರೀಟು. ನಾವು ಲೋಡರುಗಳು ಇದನ್ನು ಹೇಳಿಕೊಂಡು ಸ್ವಲ್ಪ ಮೆರೆಯುತ್ತಿದ್ದೆವು.

ನಿಂತಾಗ ಈ ರೆಕ್ಕೆಯ ತುದಿಗೂ ಪಕ್ಕದ ವಿಮಾನ ಅಥವಾ ಕಂಬಕ್ಕೂ ಕನಿಷ್ಠ ಏಳೂವರೆ ಮೀಟರ್ ಬಿಡಬೇಕು. ಪೈಲಟ್ ಕುಳಿತ ಜಾಗದಿಂದ ರೆಕ್ಕೆ ಬಹಳ ಹಿಂದೆ. ಅವನಿಗೆ ದಾರಿ ಕಾಣಲೆಂದು ಬಾಲದ ಮೇಲೂ ಹೊಟ್ಟೆಯ ಕೆಳಗೂ ಕ್ಯಾಮೆರಾ ಇಟ್ಟಿದ್ದಾರೆ. ಮುಖ್ಯ ಚಕ್ರಗಳು ಮೂಗಿನ ಚಕ್ರದಿಂದ ಸುಮಾರು 30 ಮೀಟರ್ ಹಿಂದಿವೆ. ದಾದರ್‌ನ ಖೋದಾದಾದ್ ವೃತ್ತದಲ್ಲಿ ಹಳೆಯ ಡಬಲ್ ಡೆಕರ್ ಬೆಸ್ಟ್ ಬಸ್ಸು ತಿರುಗುವುದನ್ನು ನೋಡಿದ್ದರೆ ನಿಮಗೆ ಅರ್ಥವಾಗುತ್ತದೆ: ಡ್ರೈವರ್ ತಿರುವನ್ನು ದಾಟಿ ಮುಂದೆ ಹೋಗಿ ಆಮೇಲೆ ಸ್ಟೀರಿಂಗ್ ಎಳೆಯುತ್ತಿದ್ದ, ಇಲ್ಲದಿದ್ದರೆ ಹಿಂದಿನ ಚಕ್ರ ಫುಟ್‌ಪಾತ್ ಹತ್ತುತ್ತಿತ್ತು. ಇಲ್ಲೂ ಹಾಗೆಯೇ. ಮೂಗು ದಾರಿ ತೋರುವ ಹಳದಿ ಗೆರೆ ದಾಟಿ ಹುಲ್ಲಿನ ಕಡೆಗೆ ಹೋಗುತ್ತದೆ, ಆಮೇಲೆ ತಿರುಗುತ್ತದೆ. ಆ ಹೊತ್ತಿನಲ್ಲಿ ರೆಕ್ಕೆಯ ತುದಿ ಎಲ್ಲಿದೆ ಎಂದು ಕಣ್ಣಾರೆ ನೋಡಿ ಹೇಳುವವನು ನೆಲದ ಮೇಲೆ ನಡೆಯುವ ಹುಡುಗ. ಅವನೇ ನಿಮ್ಮ ಮಗ.

ಭಾರತದಲ್ಲಿ ಎ380 ಸೇವೆಗೆ ಸರ್ಕಾರ ಒಪ್ಪಿದ್ದು 2014ರ ಜನವರಿಯಲ್ಲಿ. ಮುಂಬೈಗೆ ಅದೇ ಮೇ ಕೊನೆಗೆ ಸಿಂಗಪುರದಿಂದ, ಜುಲೈಯಲ್ಲಿ ದುಬೈಯಿಂದ ಬರತೊಡಗಿತು. ಆ ಮಳೆಗಾಲದ ಒಂದು ರಾತ್ರಿ ಎಡರೆಕ್ಕೆಗೆ ನಾನೇ ನಿಂತಿದ್ದೆ. ಐವತ್ತೈದರ ವಯಸ್ಸು, ಹುಡುಗರಿಗೆ ತೋರಿಸಿಕೊಡುವ ಉಮೇದು. ಎರಡು ಕೈಯಲ್ಲಿ ಎರಡು ಕೆಂಪು ದೀಪದ ಕೋಲು, ರೇನ್‌ಕೋಟಿನ ಟೋಪಿಯಿಂದ ನೀರು ಮೂಗಿನ ಮೇಲೆ ತೊಟ್ಟಿಕ್ಕುತ್ತಿದೆ. ವಿಮಾನ ನಡೆಯುವವನ ವೇಗದಲ್ಲಿ ಒಳಗೆ ಬರುತ್ತಿದೆ. ಒದ್ದೆ ಕಾಂಕ್ರೀಟಿನಲ್ಲಿ ಅದರ ಹಸಿರು, ಕೆಂಪು ದೀಪಗಳು ಉದ್ದಕ್ಕೆ ಹರಡಿವೆ. ಹಿಂದಿರುಗಿ ನೋಡಿದರೆ ನಮ್ಮದೇ ತಂಡದ ಒಂದು ಎಳೆಗಾಡಿ, ಗಾಡಿಗಳು ದಾಟಬಾರದ ಕೆಂಪು ಗೆರೆಯ ಮೇಲೆ ನಿಂತಿದೆ. ಅದರ ಹಿಂದಿನ ಚಕ್ರ ಗೆರೆಯಿಂದ ಒಂದೂವರೆ ಅಡಿ ಈಚೆಗೆ. ಅದನ್ನು ಅಲ್ಲಿ ನಿಲ್ಲಿಸಲು ಹೇಳಿದ್ದು, ಬೇರೆ ವಿಮಾನಗಳ ರೂಢಿಯಲ್ಲಿ, ನಾನೇ.

ಎರಡೂ ಕೋಲುಗಳನ್ನು ತಲೆಯ ಮೇಲೆ ಅಡ್ಡ ಹಿಡಿದೆ. ನಿಲ್ಲು ಎಂದು ಅರ್ಥ. ನಾಲ್ಕು ಎಂಜಿನ್‌ಗಳ ಆ ಪರ್ವತ ನಿಂತಿತು. ಒಳಗೆ ಐನೂರು ಜನ ಎದ್ದು ನಿಂತು ಚೀಲ ಎಳೆಯಲು ಶುರುಮಾಡಿರುತ್ತಾರೆ, ಮೇಲಿನವರ ರೇಡಿಯೋದಲ್ಲಿ ಏನಾಯಿತು ಏನಾಯಿತು ಎಂಬ ಕೂಗು. ಎಳೆಗಾಡಿಯ ಚಾಲಕ ಚಹಾಕ್ಕೆ ಹೋಗಿದ್ದ. ಅವನನ್ನು ಹುಡುಕಿ, ಗಾಡಿ ಸರಿಸುವಷ್ಟರಲ್ಲಿ ಆರು ನಿಮಿಷ. ರೆಕ್ಕೆ ಎತ್ತರದಲ್ಲಿರುವುದರಿಂದ ಬಹುಶಃ ಗಾಡಿಯ ಮೇಲಿನಿಂದಲೇ ಹಾದುಹೋಗುತ್ತಿತ್ತು, ನೀವು ಸುಮ್ಮನೆ ಹೆದರಿದಿರಿ ಎಂದು ಆಮೇಲೆ ಒಬ್ಬ ಅಧಿಕಾರಿ ಹೇಳಿದರು. ಬಹುಶಃ ಎಂಬ ಶಬ್ದ ಆಫೀಸಿನಲ್ಲಿ ಕುಳಿತವರಿಗೆ ಸರಿ. 2011ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಒಂದು ಎ380ದ ರೆಕ್ಕೆಯ ತುದಿ ನಿಂತಿದ್ದ ಸಣ್ಣ ಜೆಟ್‌ನ ಬಾಲಕ್ಕೆ ತಾಗಿ, ಒಳಗೆ ಜನರಿದ್ದ ಆ ವಿಮಾನ ಬುಗುರಿಯ ಹಾಗೆ ತಿರುಗಿತ್ತು. ಅದೇ ವರ್ಷ ಪ್ಯಾರಿಸ್ಸಿನ ವಿಮಾನ ಪ್ರದರ್ಶನದಲ್ಲಿ ಇನ್ನೊಂದರ ರೆಕ್ಕೆ ಕಟ್ಟಡಕ್ಕೆ ಬಡಿದಿತ್ತು.

ಬಿಎ ವ್ಯರ್ಥವಾಗಿಲ್ಲ ಅಮ್ಮಾ. ಒಳ್ಳೆಯ ರೇನ್‌ಕೋಟು ಕೊಡಿಸಿ. ಕಂಪನಿಯದು ಸೋರುತ್ತದೆ.

ನಮ್ಮ ಬಾಲ್ಕನಿಯಿಂದ ಸಂಜೆ ವಿಮಾನಗಳ ಸಾಲು ಕಾಣುತ್ತದೆ. ಒಂದು ದೊಡ್ಡದು ಹೋದ ಮೇಲೆ ಮುಂದಿನದು ಬರಲು ತಡವಾಗುತ್ತದೆ. ನನ್ನ ಭ್ರಮೆಯೇ? (ಘಾಟ್‌ಕೋಪರ್‌ನ ಗೃಹಿಣಿ)

ಭ್ರಮೆಯಲ್ಲ. ನಿಮ್ಮ ಕಣ್ಣು ಚೆನ್ನಾಗಿದೆ.

ಗಂಗೊಳ್ಳಿಯ ಅಳಿವೆಯಲ್ಲಿ ದೊಡ್ಡ ಮೀನುಗಾರಿಕೆ ಬೋಟ್ ಹೋದ ಮೇಲೆ ಪಾತಿ ದೋಣಿಯವರು ತುಸು ಕಾಯುತ್ತಾರೆ. ಬೋಟ್ ಕಣ್ಣಿಗೆ ಮರೆಯಾದರೂ ಅದು ಎಬ್ಬಿಸಿದ ನೀರು ಇನ್ನೂ ಮಗುಚುವ ಬಲ ಉಳಿಸಿಕೊಂಡಿರುತ್ತದೆ. ವಿಮಾನದ್ದೂ ಅದೇ ಕಥೆ. ಎರಡು ರೆಕ್ಕೆಗಳ ತುದಿಯಿಂದ ಎರಡು ಸುಳಿಗಳು ಬಿಚ್ಚಿಕೊಂಡು ಹಿಂದಕ್ಕೆ, ನಿಧಾನವಾಗಿ ಕೆಳಕ್ಕೆ ಸಾಗುತ್ತವೆ. ವಿಮಾನ ಭಾರವಾದಷ್ಟೂ ಸುಳಿ ಬಲ. ಆದ್ದರಿಂದಲೇ ಎ380ದ ಪೈಲಟ್ ವಿಮಾನ ಸಂಚಾರ ನಿಯಂತ್ರಕರೊಡನೆ ಮೊದಲು ಮಾತನಾಡುವಾಗ ತನ್ನ ವಿಮಾನದ ಕರೆಹೆಸರಿನ ಕೊನೆಗೆ ಸೂಪರ್ ಎಂದು ಸೇರಿಸಿ ಹೇಳಬೇಕು. ಬಡಾಯಿಯಲ್ಲ, ಹಿಂದೆ ಬರುವವರಿಗೆ ಎಚ್ಚರಿಕೆ.

ಸಾಮಾನ್ಯವಾಗಿ ನಾವು ನೀವು ಹತ್ತುವ ಎ320, 737ರಂಥವು ಒಂದರ ಹಿಂದೆ ಒಂದು ಐದಾರು ಕಿಲೋಮೀಟರ್ ಅಂತರದಲ್ಲಿ ಬರಬಹುದು. ಎ380ದ ಹಿಂದಾದರೆ ಏಳು ನಾಟಿಕಲ್ ಮೈಲಿ, ಅಂದರೆ 13 ಕಿಲೋಮೀಟರ್ ಬಿಡಬೇಕು. ದೊಡ್ಡದು ರನ್‌ವೇಯ ಹೊಸ್ತಿಲಲ್ಲಿರುವಾಗ ಹಿಂದಿನದು ಕೋಪರ್‌ಖೈರಣೆಯ ಮೇಲಿರುತ್ತದೆ ಎಂದಿಟ್ಟುಕೊಳ್ಳಿ. ಆ ಖಾಲಿ ಆಕಾಶವನ್ನೇ ನೀವು ಬಾಲ್ಕನಿಯಿಂದ ನೋಡಿದ್ದು.

ಹೆಚ್ಚು ಜಾಗವಿರುವ ಊರಿನಲ್ಲಿ ಇದು ದೊಡ್ಡ ಮಾತಲ್ಲ. ಮುಂಬೈಯಲ್ಲಿ ರನ್‌ವೇ ಎರಡಿದ್ದರೂ ಒಂದನ್ನೊಂದು ಅಡ್ಡ ಹಾಯುತ್ತವೆ, ಆದ್ದರಿಂದ ಒಂದು ಹೊತ್ತಿಗೆ ಒಂದೇ. ಆ ಒಂದರಲ್ಲೇ ಗಂಟೆಗೆ ನಲವತ್ತಕ್ಕೂ ಹೆಚ್ಚು ಏರಿಳಿತ ನಡೆಸುತ್ತಾರೆ. 2018ರಲ್ಲಿ ಒಂದೇ ದಿನ ಸಾವಿರ ದಾಟಿಸಿದ್ದರು. ಇಂಥಲ್ಲಿ ಒಬ್ಬ ಸೂಪರ್ ಬಂದರೆ, ಹಿಂದೆ ಸೇರಬಹುದಾಗಿದ್ದ ಒಂದು ಸಣ್ಣ ವಿಮಾನದ ಜಾಗ ಹೋದಂತೆ. ಐನೂರು ಜನರನ್ನು ಒಂದೇ ಸಲ ತಂದಿತಲ್ಲ ಎಂದು ವಾದಿಸಬಹುದು. ನಾನೂ ಆ ಪಕ್ಷದವನೇ.

ಸುಳಿಯನ್ನು ನಂಬದವರಿಗೆ 2017ರ ಜನವರಿಯ ಘಟನೆ ಹೇಳುತ್ತೇನೆ. ಅರಬ್ಬೀ ಸಮುದ್ರದ ಮೇಲೆ, ಮಾಲೆಯಿಂದ ಅಬುಧಾಬಿಗೆ ಹೋಗುತ್ತಿದ್ದ ಸಣ್ಣ ಚಾಲೆಂಜರ್ ಜೆಟ್ಟು, ಎದುರಿನಿಂದ ಬಂದ ಎ380ದ ಕೆಳಗೆ ಸಾವಿರ ಅಡಿ ಅಂತರದಲ್ಲಿ ಹಾದುಹೋಯಿತು. ಸ್ವಲ್ಪ ಹೊತ್ತಿನ ಬಳಿಕ ಸುಳಿಗೆ ಸಿಕ್ಕಿ ಹಲವು ಸಲ ಮಗುಚಿತು, ಸುಮಾರು 9,000 ಅಡಿ ಕೆಳಕ್ಕೆ ಬಿತ್ತು. ಪೈಲಟ್‌ಗಳು ಹೇಗೋ ಹಿಡಿತಕ್ಕೆ ತಂದು ಮಸ್ಕತ್‌ನಲ್ಲಿ ಇಳಿಸಿದರು. ಆ ವಿಮಾನ ಮತ್ತೆ ಕೆಲಸಕ್ಕೆ ಬರಲಿಲ್ಲ.

ದುಬೈಯಿಂದ ಬಂದಿಳಿದು ಬ್ಯಾಗಿಗೆ ಒಂದು ತಾಸು ಕಾದೆ. ವಿಮಾನ ದೊಡ್ಡದಾದರೆ ಸೇವೆ ಸಣ್ಣದಾಗಬೇಕೇ? (ಸಾಯನ್‌ನ ನಿವೃತ್ತ ಬ್ಯಾಂಕ್ ನೌಕರರು)

ನಿಮ್ಮ ಸಿಟ್ಟು ನ್ಯಾಯ. ಆದರೆ ಬ್ಯಾಂಕಿನ ಕೌಂಟರಿನ ಲೆಕ್ಕದಲ್ಲಿ ನೋಡಿ. ಐನೂರು ಜನ ಒಂದೇ ಬಾಗಿಲಿನಿಂದ ಒಳಗೆ ಬಂದರೆ ನೀವು ಎಷ್ಟು ಹೊತ್ತಿನಲ್ಲಿ ಕಳುಹಿಸುತ್ತಿದ್ದಿರಿ? ಜನಕ್ಕೆ ಎರಡರಂತೆ ಸಾವಿರ ಬ್ಯಾಗು, ಗಲ್ಫ್‌ನಿಂದ ಬರುವವರ ಕಂಬಳಿ, ಟಿವಿ ಬೇರೆ. ಹೊಟ್ಟೆಯೊಳಗೆ 38 ಕಂಟೇನರ್ ಹಿಡಿಯುತ್ತದೆ. ಒಂದೊಂದನ್ನೂ ಇಳಿಸಿ, ಎಳೆದು, ಬಿಚ್ಚಿ, ಪಟ್ಟಿಯ ಮೇಲೆ ಹಾಕುವ ಕೈಗಳು ಅವೇ ಹತ್ತಿಪ್ಪತ್ತು.

ಮೇಲಂತಸ್ತಿನ ಬಾಗಿಲು ನೆಲದಿಂದ ಸುಮಾರು ಎಂಟು ಮೀಟರ್ ಎತ್ತರ. ಅಲ್ಲಿಗೆ ಬೇರೆಯದೇ ಏರೋಬ್ರಿಡ್ಜ್ ಮುಟ್ಟಬೇಕು. ಊಟದ ಲಾರಿಯೂ ಅಷ್ಟು ಎತ್ತರ ಏರಬೇಕು. ಹೋದ ತಿಂಗಳು ಬರೆದದ್ದು ಇದನ್ನೇ: ಕತ್ತರಿಕಾಲಿನ ಮೇಲೆ ಲಾರಿಯ ಪೆಟ್ಟಿಗೆ ಮೂರನೇ ಮಹಡಿಯಷ್ಟು ಮೇಲೆ ಹೋದಾಗ, ಜೂನ್ ತಿಂಗಳ ಗಾಳಿಗೆ ಅದು ತೊಟ್ಟಿಲಿನಂತೆ ತೂಗುತ್ತದೆ. ಒಳಗೆ ನಿಂತವನು ಇಡ್ಲಿ ಪೆಟ್ಟಿಗೆ ಹಿಡಿದುಕೊಂಡು ತನ್ನ ಊರ ದೇವರನ್ನು ನೆನೆಯುತ್ತಾನೆ.

ಬೆಂಕಿ ಬಿದ್ದರೆ ಅಷ್ಟು ಜನ ಹೇಗೆ ಹೊರಗೆ ಬರುತ್ತಾರೆ? (ಮುಲುಂಡ್‌ನ ಓದುಗರು)

2006ರ ಮಾರ್ಚ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಪರೀಕ್ಷೆ ಮಾಡಿದರು. 853 ಪ್ರಯಾಣಿಕರು, 20 ಸಿಬ್ಬಂದಿ, ಕತ್ತಲು, 16 ಬಾಗಿಲುಗಳಲ್ಲಿ ಅರ್ಧ ಮುಚ್ಚಿಟ್ಟದ್ದು. ನಿಯಮ ಕೊಟ್ಟ ಸಮಯ 90 ಸೆಕೆಂಡು. ಅವರು 78ರಲ್ಲಿ ಹೊರಗೆ ಬಂದರು. ಒಬ್ಬರ ಕಾಲು ಮುರಿಯಿತು. ಪರೀಕ್ಷೆಯಲ್ಲಿ ಯಾರೂ ತಲೆಯ ಮೇಲಿನ ಪೆಟ್ಟಿಗೆ ತೆರೆದು ಬ್ಯಾಗು ಎಳೆಯಲಿಲ್ಲ ಎನ್ನುವುದನ್ನು ಮಾತ್ರ ನೆನಪಿಡಿ.

ಅಗ್ನಿಶಾಮಕದವರ ಲೆಕ್ಕ ಇನ್ನೂ ಮಜವಾಗಿದೆ. ವಿಮಾನದ ಉದ್ದ ಮತ್ತು ಒಡಲಿನ ಅಗಲ ನೋಡಿ ವಿಮಾನ ನಿಲ್ದಾಣಕ್ಕೆ ಒಂದರಿಂದ ಹತ್ತರವರೆಗೆ ದರ್ಜೆ ಕೊಡುತ್ತಾರೆ. ಎ380ದ ಉದ್ದ 72.7 ಮೀಟರ್. 777-300ಇಆರ್‌ಗಿಂತ ಒಂದು ಮೀಟರ್ ಗಿಡ್ಡವೇ. ಉದ್ದದ ಪ್ರಕಾರ ಒಂಬತ್ತನೇ ದರ್ಜೆ ಸಾಕು. ಆದರೆ ಒಂಬತ್ತರಲ್ಲಿ ಒಡಲಿನ ಅಗಲ ಏಳು ಮೀಟರ್ ಮೀರುವಂತಿಲ್ಲ, ಇದರದ್ದು 7.14. ಹದಿನಾಲ್ಕು ಸೆಂಟಿಮೀಟರ್, ನನ್ನ ಅಂಗೈಯಷ್ಟು ಹೆಚ್ಚು. ಅದಕ್ಕಾಗಿ ಹತ್ತನೇ ದರ್ಜೆ. ಸಿದ್ಧವಾಗಿಡಬೇಕಾದ ನೀರು 24,300 ಲೀಟರಿನಿಂದ 32,300 ಲೀಟರಿಗೆ ಏರುತ್ತದೆ. ಮೂರು ನಿಮಿಷದೊಳಗೆ ರನ್‌ವೇಯ ಯಾವ ತುದಿಗಾದರೂ ಮುಟ್ಟಬೇಕು. ನಾನು ಅಗಲ, ಅಗಲ ಎಂದು ಬಡಿದುಕೊಳ್ಳುವುದು ಸುಮ್ಮನೆ ಅಲ್ಲ.

ಪುಣೆಗೆ ಯಾಕೆ ಬರುವುದಿಲ್ಲ? (ನಿಗಡಿಯ ಓದುಗರು)

ಲೋಹಗಾಂವ್ ವಾಯುಪಡೆಯ ನೆಲೆ, ರನ್‌ವೇ 2,535 ಮೀಟರ್. ಅತಿಥಿಯಾಗಿ ಇರುವ ನಾಗರಿಕ ವಿಮಾನಗಳಿಗೇ ಅಲ್ಲಿ ಜಾಗದ ತಾಪತ್ರಯ. ಎ380 ಹತ್ತಬೇಕಾದರೆ ನೀವೇ ಘಾಟಿ ಇಳಿದು ಬನ್ನಿ.

ಈಗ ಆ ವಿಮಾನ ಮಾಡುವುದನ್ನೇ ನಿಲ್ಲಿಸಿದ್ದಾರಂತೆ. ಮಾಡಿದ ಖರ್ಚೆಲ್ಲ ನೀರಿಗೆ ಬಿತ್ತೇ? (ಮೀರಾ ರೋಡ್‌ನ ಓದುಗರು)

ಹೌದು, 251 ವಿಮಾನ ಕೊಟ್ಟು 2021ರ ಡಿಸೆಂಬರ್‌ಗೆ ಏರ್‌ಬಸ್ ಮುಗಿಸಿತು. ಎರಡೇ ಎಂಜಿನ್‌ಗಳ ವಿಮಾನ ಕಡಿಮೆ ಇಂಧನದಲ್ಲಿ ಅಷ್ಟೇ ದೂರ ಹೋಗುವಾಗ ನಾಲ್ಕನ್ನು ಸಾಕುವವರು ಯಾರು? ಆದರೆ ಇರುವ ವಿಮಾನಗಳು ಇನ್ನೂ ಹಾರುತ್ತಿವೆ, ಅಗಲಿಸಿದ ಕಾಂಕ್ರೀಟು ಉಳಿದವರಿಗೂ ಬಂತು. ಬೋಯಿಂಗ್‌ನವರು ಈ ಪಾಠವನ್ನು ಬೇರೆ ಥರ ಕಲಿತಿದ್ದಾರೆ. ಅವರ ಹೊಸ 777ಎಕ್ಸ್‌ನ ರೆಕ್ಕೆ ಹಾರುವಾಗ 71.8 ಮೀಟರ್. ಇಳಿದ ಮೇಲೆ ತುದಿಗಳನ್ನು ಮೇಲಕ್ಕೆ ಮಡಚಿಕೊಂಡು 64.8ಕ್ಕೆ ಇಳಿಯುತ್ತದೆ, ಹಳೆಯ 777 ನಿಲ್ಲುವ ಜಾಗದಲ್ಲೇ ನಿಲ್ಲುತ್ತದೆ. ಲೋಕಲ್ ರೈಲಿನಲ್ಲಿ ಕೊಡೆ ಮಡಚಿ ಕೂರುವ ಮರ್ಯಾದಸ್ಥನಂತೆ. ನನಗೆ ಬಹಳ ಹಿಡಿಸಿತು. ನವಿ ಮುಂಬೈಯ ನಿಲ್ದಾಣ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿನ ರನ್‌ವೇ 3,700 ಮೀಟರ್, ಪಕ್ಕದಲ್ಲಿ ಸಮಾನಾಂತರವಾಗಿ ಇನ್ನೊಂದಕ್ಕೆ ಯೋಜನೆಯಿದೆ.

ನನ್ನ ಕಾಲದ ದೊಡ್ಡ ವಿಮಾನವೆಂದರೆ 747. ಏರ್ ಇಂಡಿಯಾದ ಮೊದಲನೆಯದು ಬೊಂಬಾಯಿಗೆ ಬಂದದ್ದು 1971ರಲ್ಲಿ, ಆಗ ನಾನು ಗಂಗೊಳ್ಳಿಯಲ್ಲಿ ಆರನೇ ಇಯತ್ತೆ. ಕೊನೆಯದು ಮುಂಬೈ ಬಿಟ್ಟದ್ದು 2024ರ ಏಪ್ರಿಲ್ 22ರಂದು, ಅಮೆರಿಕಕ್ಕೆ, ಬಿಡಿಭಾಗಗಳಾಗಲು. ಏರಿದ ಮೇಲೆ ಪೈಲಟ್ ಒಮ್ಮೆ ಆಚೆ, ಒಮ್ಮೆ ಈಚೆ ರೆಕ್ಕೆ ಬಾಗಿಸಿ ಕೈಬೀಸಿದ. ಹಳೆಯ ಸಹೋದ್ಯೋಗಿಯೊಬ್ಬರು ವಿಡಿಯೋ ಕಳುಹಿಸಿದ್ದರು. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ರೆಕ್ಕೆ ಬಾಗಿದಲ್ಲಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನಿಲ್ಲಿಸಿ, ತುದಿಯಿಂದ ಕೆಳಗಿನ ಕಟ್ಟಡಗಳಿಗೆ ಎಷ್ಟು ಅಂತರವಿದೆ ಎಂದು ಅಳೆಯುತ್ತಿದ್ದೆ. ಸಾರು ಆರುತ್ತಿದೆ ಎಂದು ಹೆಂಡತಿ ಮೂರು ಸಲ ಕರೆದಳಂತೆ.

ಬ್ಯಾಗು ಕಳೆದುಕೊಂಡವರ ಕಾಗದಗಳಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ. ಬ್ಯಾಗಿನ ಬಣ್ಣ ಕಪ್ಪು ಎಂದಷ್ಟೇ ಬರೆಯಬೇಡಿ. ಎಲ್ಲರದ್ದೂ ಕಪ್ಪೇ.